ಲಾವಂಚ: ಅಗೆಯುವ ಬೇರು, ಅಗೆಯಬಾರದ ಬೇರು



ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬರುವವರ ಪ್ರಶ್ನೆಗಳೂ ಬದಲಾಗುತ್ತವೆ. ಉರಿಮೂತ್ರ, ಅಂಗೈ ಅಂಗಾಲುಗಳ ಉರಿ, ಬೆವರುಸಾಲೆ, ತಣಿಯದ ನೀರಡಿಕೆ, ಮೂಗಿನಿಂದ ರಕ್ತ ಇವೇ ಹೆಚ್ಚು. ಇವರಲ್ಲಿ ಹಲವರು, “ಕುಡಿಯುವ ನೀರಿಗೆ ಲಾವಂಚ ಹಾಕಬಹುದೇ? ಎಲ್ಲಿ ಸಿಗುತ್ತದೆ? ಮನೆಯಲ್ಲಿ ಬೆಳೆಯಲು ಬರುತ್ತದೆಯೇ?” ಎಂದು ಕೇಳುತ್ತಾರೆ. ಹಾಕಬಹುದು, ಬೆಳೆಯಲೂ ಬರುತ್ತದೆ. ಆದರೆ ಎಲ್ಲಿ ಬೆಳೆದ ಬೇರನ್ನು ಅಗೆಯಬೇಕು, ಎಲ್ಲಿಯದನ್ನು ಮುಟ್ಟಬಾರದು ಎಂಬ ವಿವೇಕ ಅದಕ್ಕಿಂತ ಮೊದಲು ಬೇಕು. ಈ ವಿವೇಕವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಮ್ಮದೇ ತಪ್ಪಿನಿಂದ ಕಲಿತೆವು. ಆ ಸಂಗತಿಯನ್ನೂ ಇಲ್ಲಿ ಮುಚ್ಚುಮರೆಯಿಲ್ಲದೆ ನಿವೇದಿಸುತ್ತೇವೆ.

ಹೆಸರು ಮತ್ತು ಗುರುತು

ಲಾವಂಚ, ಲಾಮಂಚ, ಮುಡಿವಾಳ ಎಂದು ಕನ್ನಡದಲ್ಲಿ ಕರೆಯಲಾಗುವ ಈ ಸಸ್ಯವು ಹುಲ್ಲಿನ ಜಾತಿಗೆ ಸೇರಿದುದು. ಸಂಸ್ಕೃತದಲ್ಲಿ ಹುಲ್ಲಿಗೆ ವೀರಣವೆಂದೂ ಅದರ ಬೇರಿಗೆ ಉಶೀರವೆಂದೂ ಹೆಸರು. ಹಿಂದಿಯಲ್ಲಿ ಇದು ಖಸ್. ತಮಿಳಿನ ‘ವೆಟ್ಟಿವೇರ್’ ಎಂಬ ಪದವೇ ಇಂದು ಜಗತ್ತಿನಾದ್ಯಂತ ‘ವೆಟಿವರ್’ ಎಂದು ಬಳಕೆಯಲ್ಲಿದೆ. ಸಸ್ಯಶಾಸ್ತ್ರಜ್ಞರು ಇದನ್ನು ಕ್ರೈಸೋಪೋಗಾನ್ ಜಿಜಾನಿಯಾಯ್ಡಿಸ್ ಎಂದು ಗುರುತಿಸುತ್ತಾರೆ. ಆಳೆತ್ತರ ಬೆಳೆಯುವ, ಗರಿಗಳು ಒರಟಾಗಿ ನೆಟ್ಟಗೆ ನಿಲ್ಲುವ, ಒತ್ತಾದ ಬುಡದ ಹುಲ್ಲು ಇದು. ಮೇಲಿನ ಗರಿಯಲ್ಲಿ ಪರಿಮಳವಿಲ್ಲ, ಪರಿಮಳವೆಲ್ಲ ಬೇರಿನಲ್ಲಿ. ಆ ಬೇರು ಬದಿಗೆ ಹರಡದೆ ನೇರವಾಗಿ ಕೆಳಗಿಳಿದು, ಅನುಕೂಲವಾದ ಮಣ್ಣಿನಲ್ಲಿ 2ರಿಂದ 3 ಮೀಟರ್ ಆಳಕ್ಕೂ ಹೋಗುತ್ತದೆ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮುಡಿವಾಳ ಎಂಬ ಹೆಸರನ್ನು ಬಾಲಕ ಅಥವಾ ಹ್ರೀಬೇರ ಎಂಬ ಬೇರೊಂದು ಸುಗಂಧ ಮೂಲಿಕೆಗೂ ಬಳಸುವುದುಂಟು. ಎರಡೂ ಒಂದೇ ಅಲ್ಲ. ಜ್ವರದ ನೀರಡಿಕೆಗೆ ಚರಕಾಚಾರ್ಯರು ಹೇಳಿದ ಷಡಂಗಪಾನೀಯದಲ್ಲಿ ಕೊನ್ನಾರಿಗಡ್ಡೆ, ಪರ್ಪಟಕ, ಉಶೀರ, ಚಂದನ, ಬಾಲಕ, ಶುಂಠಿ ಎಂದು ಆರು ದ್ರವ್ಯಗಳಿವೆ. ಉಶೀರ ಮತ್ತು ಬಾಲಕ ಎರಡನ್ನೂ ಬೇರೆ ಬೇರೆಯಾಗಿ ಎಣಿಸಿರುವುದರಿಂದಲೇ ಭೇದ ಸ್ಪಷ್ಟವಾಗುತ್ತದೆ. ಆದುದರಿಂದ ಗ್ರಂಥಿಗೆ ಅಂಗಡಿಯಲ್ಲಿ ಕೇಳುವಾಗ ‘ಲಾವಂಚದ ಬೇರು’ ಎಂದೇ ಕೇಳುವುದು ಲೇಸು.

ಶಾಸ್ತ್ರದಲ್ಲಿ ಉಶೀರ

ಆಯುರ್ವೇದದ ಪ್ರಕಾರ ಉಶೀರವು ತಿಕ್ತ ಮತ್ತು ಮಧುರ ರಸಗಳುಳ್ಳದ್ದು, ಲಘು ಹಾಗೂ ರೂಕ್ಷ ಗುಣದ್ದು, ಶೀತ ವೀರ್ಯದ್ದು, ಪಿತ್ತ ಮತ್ತು ಕಫಗಳನ್ನು ಶಮನಗೊಳಿಸುವಂಥದು. ಚರಕಸಂಹಿತೆಯು ಇದನ್ನು ದಾಹವನ್ನು ಶಮನಗೊಳಿಸುವ ಹತ್ತು ದ್ರವ್ಯಗಳ ಗಣದಲ್ಲಿಯೂ, ಮೈಬಣ್ಣವನ್ನು ಹಿತಗೊಳಿಸುವ ವರ್ಣ್ಯ ಗಣದಲ್ಲಿಯೂ ಸೇರಿಸಿದೆ. ರಕ್ತಪಿತ್ತದಲ್ಲಿ ಬಳಸುವ ಉಶೀರಾಸವವು ವೈದ್ಯರೆಲ್ಲರಿಗೂ ಪರಿಚಿತ. ಕಾಳಿದಾಸನ ಶಾಕುಂತಲ ನಾಟಕದ ಮೂರನೆಯ ಅಂಕದ ಆರಂಭದಲ್ಲಿ, ಬಿಸಿಲಿನಿಂದ ಬಳಲಿದಳೆನ್ನಲಾದ ಶಕುಂತಲೆಗಾಗಿ ಸಖಿಯು ಉಶೀರದ ಲೇಪವನ್ನು ಒಯ್ಯುವ ಪ್ರಸಂಗವಿದೆ. ಅಂದರೆ ಈ ಬಳಕೆಯು ವೈದ್ಯರ ಗ್ರಂಥದಲ್ಲಿ ಮಾತ್ರವಲ್ಲದೆ ಜನಜೀವನದಲ್ಲಿಯೂ ನೆಲೆಸಿತ್ತೆಂದು ತಿಳಿಯಬಹುದು.

ನಮ್ಮ ತಪ್ಪು

ಸುಮಾರು 15 ವರ್ಷಗಳ ಹಿಂದಿನ ಮಾತು. ಹಿರಿಯರಿಂದ ಬಂದ ನಮ್ಮ ಮಸಾರಿ ಹೊಲ ಇಳಿಜಾರಿನದು. ಅದರ ಕೆಳಗಿನ ಒಡ್ಡಿನ ಮೇಲೆ ಚಿಕಿತ್ಸಾಲಯದ ಬಳಕೆಗೆಂದು ಲಾವಂಚವನ್ನು ಸಾಲಾಗಿ ನೆಟ್ಟಿದ್ದೆವು. ಮೂರು ವರ್ಷಗಳಲ್ಲಿ ಬುಡಗಳು ಒಂದಕ್ಕೊಂದು ಕೂಡಿಕೊಂಡು ಹಸಿರು ಗೋಡೆಯಂತಾದವು. ಪೇಟೆಯಲ್ಲಿ ಸಿಗುತ್ತಿದ್ದ ಬೇರಿನಲ್ಲಿ ಪರಿಮಳವೇ ಇರುತ್ತಿರಲಿಲ್ಲವಾದ ಕಾರಣ, ಆ ಚಳಿಗಾಲದಲ್ಲಿ ಒಡ್ಡಿನ ನಡುಭಾಗದ ಮೂವತ್ತು ಬುಡಗಳನ್ನು ಅಗೆಸಿದೆವು. ಬೇರು ಕಡಿಯದಂತೆ ತೆಗೆಯಲು ಎದೆಮಟ್ಟದ ತಗ್ಗು ತೋಡಬೇಕಾಯಿತು. ಒಣಗಿಸಿದಾಗ ಬಂದ ಬೇರಿನ ರಾಶಿಯನ್ನು ಕಂಡು ಬಹಳ ಸಂತೋಷಪಟ್ಟೆವು. ತಗ್ಗನ್ನು ಮಣ್ಣಿನಿಂದ ಮುಚ್ಚಿಸಿ ಅಲ್ಲಿಗೆ ಮರೆತೆವು.

ಮುಂದಿನ ಆರಿದ್ರಾ ಮಳೆ ಒಂದೇ ರಾತ್ರಿ ಜೋರಾಗಿ ಸುರಿಯಿತು. ಒಡ್ಡು ಒಡೆದದ್ದು ನಾವು ಅಗೆದ ಜಾಗದಲ್ಲಿಯೇ. ಎರಡೂ ಬದಿಗೆ ಲಾವಂಚ ಉಳಿದಿದ್ದ ಕಡೆ ಒಂದು ಹೆಂಟೆಯೂ ಅಲುಗಿರಲಿಲ್ಲ. ನಮ್ಮ ಹೊಲದ ಮೇಲ್ಮಣ್ಣು ಕೆಳಗಿನ ಹೊಲಕ್ಕೆ ಹರಿದು, ಅಲ್ಲಿ ಆಗತಾನೆ ಎರಡೆಲೆ ಮೂಡಿದ್ದ ಹೆಸರು ಬೆಳೆಯನ್ನು ಮುಚ್ಚಿಹಾಕಿತ್ತು. ಆ ಹೊಲದ ಯಜಮಾನರು ನಮಗಿಂತ ಹಿರಿಯರು. ಬೆಳಿಗ್ಗೆ ಒಡ್ಡಿನ ಮೇಲೆ ನಿಂತು ನೋಡಿ, “ಡಾಕ್ಟರ್ ಸಾಹೇಬ್ರ, ಮಂದಿ ಬ್ಯಾನಿ ಕಳ್ಯಾಕ ಒಡ್ಡಿನ ಬೇರು ಕಿತ್ರಿ. ಈಗ ಹೊಲಕ್ಕ ಬ್ಯಾನಿ ಹಚ್ಚಿದ್ರಲ್ರೀ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾವು ಕೊಡಲು ಹೋದ ಬೀಜದ ಹಣವನ್ನೂ ಅವರು ಮುಟ್ಟಲಿಲ್ಲ. ಒಡ್ಡನ್ನು ಮಾತ್ರ ಕಟ್ಟಿಸಿರೆಂದರು. ಕಟ್ಟಿಸಿದೆವು, ಲಾವಂಚವನ್ನು ಮತ್ತೆ ನೆಟ್ಟೆವು. ಆದರೆ ಹೋದ ಮಣ್ಣು ಹೋಯಿತು. ಒಂದು ಅಂಗುಲ ಮೇಲ್ಮಣ್ಣು ರೂಪುಗೊಳ್ಳಲು ನೂರಾರು ವರ್ಷಗಳು ಬೇಕು.

ಅಂದಿನಿಂದ ನಾವು ಒಂದು ನಿಯಮ ಮಾಡಿಕೊಂಡೆವು. ಒಡ್ಡಿನ ಲಾವಂಚ ಹೊಲದ್ದು, ಅದನ್ನು ಅಗೆಯುವುದಿಲ್ಲ. ಔಷಧದ ಲಾವಂಚವನ್ನು ಬೇರೆ ಕಡೆ, ಬೇರೆ ರೀತಿಯಲ್ಲಿ ಬೆಳೆಯುತ್ತೇವೆ. ಓದುಗರೂ ಇದನ್ನು ಅನುಸರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಒಡ್ಡಿನ ಲಾವಂಚ

ನಮ್ಮ ನಾಡಿಗೆ ಇದು ಹೊಸದಲ್ಲ. ಇಂದಿನ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಸುತ್ತಮುತ್ತ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಲಾವಂಚದ ಸಾಲನ್ನು ಬೆಳೆಸಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರಾದ ರಿಚರ್ಡ್ ಗ್ರಿಮ್‌ಷಾ ಮತ್ತು ಜಾನ್ ಗ್ರೀನ್‌ಫೀಲ್ಡ್ ಅವರು ಮಣ್ಣಿನ ಸವಕಳಿ ತಡೆಯಲು ಈ ಹುಲ್ಲನ್ನು ಭಾರತದಲ್ಲಿ ಪ್ರಚಾರಕ್ಕೆ ತಂದರು. ಗ್ರೀನ್‌ಫೀಲ್ಡ್ ಅವರು 1950ರ ದಶಕದಲ್ಲಿಯೇ ಫಿಜಿ ದ್ವೀಪದ ಕಬ್ಬಿನ ಗದ್ದೆಗಳಲ್ಲಿ ಇದನ್ನು ಬಳಸಿ ನೋಡಿದ್ದವರು. ಹೊರಗಿನವರು ಬಂದು ಹೇಳಿದಾಗ, ಗುಂಡ್ಲುಪೇಟೆಯ ರೈತನ ಜಾಣ್ಮೆಗೆ ಜಗತ್ತಿನ ಮನ್ನಣೆ ದೊರೆಯಿತು.

ಇದು ಕೆಲಸ ಮಾಡುವ ಬಗೆ ಸರಳ. ಒತ್ತಾದ ಬುಡಗಳು ಇಳಿಜಾರಿನಲ್ಲಿ ಓಡಿಬರುವ ನೀರನ್ನು ಪೂರ್ತಿ ತಡೆಯದೆ ನಿಧಾನಗೊಳಿಸಿ, ಉದ್ದಕ್ಕೂ ಹರಡುತ್ತವೆ. ನಿಧಾನವಾದ ನೀರು ಹೊತ್ತುತಂದ ಮಣ್ಣನ್ನು ಅಲ್ಲಿಯೇ ಇಳಿಸಿ ತಾನು ಭೂಮಿಗೆ ಇಂಗುತ್ತದೆ. ವರ್ಷಗಳು ಕಳೆದಂತೆ ಸಾಲಿನ ಹಿಂದೆ ಮಣ್ಣು ತುಂಬಿ ಹೊಲವು ತಾನಾಗಿ ಮಟ್ಟವಾಗುತ್ತ ಹೋಗುತ್ತದೆ. ಬೇರು ನೇರವಾಗಿ ಕೆಳಗಿಳಿಯುವುದರಿಂದ ಪಕ್ಕದ ಬೆಳೆಗೆ ಹೆಚ್ಚು ತೊಂದರೆಯಿಲ್ಲ. ದಕ್ಷಿಣ ಭಾರತದಲ್ಲಿ ಬೆಳೆಸುವ ತಳಿ ಮೊಳೆಯುವ ಬೀಜ ಕಟ್ಟದು; ಕರಿಕೆಯಂತೆ ನೆಲದಲ್ಲಿ ಹಬ್ಬುವುದೂ ಇಲ್ಲ. ಆದುದರಿಂದ ಹೊಲಕ್ಕೆ ಕಳೆಯಾಗುವ ಭಯವಿಲ್ಲ. ಉತ್ತರ ಭಾರತದ ಕಾಡುತಳಿ ಬೀಜ ಕಟ್ಟುವಂಥದು. ತರಿಸುವಾಗ ವಿಚಾರಿಸಿ ತರಿಸಬೇಕು.

ನೆಡುವ ಕ್ರಮ ಹೀಗಿದೆ. ಮೃಗಶಿರಾ, ಆರಿದ್ರಾ ಮಳೆಗಳು ಭೂಮಿಯನ್ನು ಚೆನ್ನಾಗಿ ತೋಯಿಸಿದ ಮೇಲೆ ಹಳೆಯ ಬುಡವೊಂದನ್ನು ಬಿಡಿಸಿ, ಎರಡು ಮೂರು ತೆಂಡೆಗಳು ಕೂಡಿರುವಂತೆ ಸಸಿ ಮಾಡಿಕೊಳ್ಳಬೇಕು. ಗರಿಯನ್ನು ಒಂದು ಗೇಣಿಗೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸಬೇಕು. ಸಮಪಾತಳಿಯ ಸಾಲಿನಲ್ಲಿ 10ರಿಂದ 15 ಸೆಂ.ಮೀ. ಅಂತರದಲ್ಲಿ ನೆಟ್ಟು ಬುಡದ ಮಣ್ಣನ್ನು ಕಾಲಿನಿಂದ ಒತ್ತಬೇಕು. ಮಳೆ ಕೈಕೊಟ್ಟರೆ ಮೊದಲ ಎರಡು ಮೂರು ವಾರ ನೀರು ಕೊಡಬೇಕು. ಬೇರೂರಿದ ಲಾವಂಚ ಬರವನ್ನೂ ನೀರು ನಿಲ್ಲುವುದನ್ನೂ ತಾಳುತ್ತದೆ. ಎಳೆಯದಾಗಿರುವಾಗ ನೆರಳನ್ನು ಮಾತ್ರ ತಾಳದು. ಆದುದರಿಂದ ಮರದಡಿಯಲ್ಲಿ ನೆಡಬಾರದು.

ಮೊದಲ ವರ್ಷ ಕಳೆ ತೆಗೆಯುವುದು ಮುಖ್ಯ. ಸತ್ತ ಸಸಿಗಳ ಜಾಗವನ್ನು ಮುಂದಿನ ಮಳೆಗಾಲದಲ್ಲಿ ತಪ್ಪದೆ ತುಂಬಬೇಕು. ಸಾಲಿನಲ್ಲಿ ಒಂದೇ ಒಂದು ಕಿಂಡಿ ಉಳಿದರೂ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಎರಡನೆಯ ವರ್ಷದಿಂದ ವರ್ಷಕ್ಕೆ ಎರಡು ಮೂರು ಬಾರಿ ನೆಲದಿಂದ ಮೊಣಕಾಲೆತ್ತರ ಬಿಟ್ಟು ಗರಿ ಕೊಯ್ದರೆ ತೆಂಡೆಗಳು ಹೆಚ್ಚುತ್ತವೆ. ಎಳೆಯ ಗರಿಯನ್ನು ದನ ತಿನ್ನುತ್ತದೆ. ಬಲಿತದ್ದು ಗಿಡಗಳ ಬುಡಕ್ಕೆ ಹೊದಿಕೆಯಾಗುತ್ತದೆ. ಗೆದ್ದಲು ಕಂಡರೆ ಬೇವಿನ ಹಿಂಡಿ ಹಾಕಬೇಕು. ಬೆಂಕಿ ಹಚ್ಚುವುದು ಬೇಡ. ಒಡ್ಡಿನ ಲಾವಂಚದಿಂದ ನಾವು ಪಡೆಯಬೇಕಾದುದು ಈ ಗರಿ ಮತ್ತು ಮಳೆಗಾಲದಲ್ಲಿ ಅಂಚಿನಿಂದ ಬಿಡಿಸಿದ ನಾಲ್ಕಾರು ಸಸಿಗಳನ್ನಷ್ಟೇ.

ಔಷಧದ ಲಾವಂಚ

ಹಾಗಾದರೆ ಮನೆಗೆ ಎಷ್ಟು ಬೇರು ಬೇಕು? ಲೆಕ್ಕ ಹಾಕೋಣ. ಐದು ಲೀಟರ್ ನೀರಿನ ಹರವಿಗೆ ಸುಮಾರು 10 ಗ್ರಾಂ ಬೇರು ಸಾಕು. ಒಂದು ಗಂಟನ್ನು ಮೂರು ದಿನ ಬಳಸಿ, ಒಣಗಿಸಿ, ಮತ್ತೆ ಮೂರು ದಿನ ಬಳಸಬಹುದು. ನೂರು ದಿನಗಳ ಬೇಸಿಗೆಗೆ ಹದಿನಾರು ಹದಿನೇಳು ಗಂಟು, ಅಂದರೆ 160ರಿಂದ 170 ಗ್ರಾಂ. ಇಷ್ಟಕ್ಕಾಗಿ ಒಡ್ಡನ್ನು ಬಗೆಯಬೇಕಾದ ಅಗತ್ಯವೇ ಇಲ್ಲ. ನಮ್ಮ ಅನುಭವದಲ್ಲಿ ಚೀಲವೊಂದರಿಂದ ಒಂದು ಹಿಡಿ, ಚೆನ್ನಾಗಿ ಬಂದರೆ ಎರಡು ಹಿಡಿ ಒಣಬೇರು ದೊರೆಯುತ್ತದೆ. ನಾಲ್ಕೈದು ಚೀಲಗಳಲ್ಲಿ ಒಂದು ಕುಟುಂಬದ ಬೇಸಿಗೆ ಕಳೆಯುತ್ತದೆ. ಹೊಲವಿಲ್ಲದವರೂ ಮಾಳಿಗೆಯ ಮೇಲೆ ಬೆಳೆಯಬಹುದು.

ಅಕ್ಕಿಯ ದೊಡ್ಡ ಪ್ಲಾಸ್ಟಿಕ್ ಚೀಲ ಇದಕ್ಕೆ ಸಾಕು. ರಸಗೊಬ್ಬರ, ಕೀಟನಾಶಕ ತುಂಬಿದ್ದ ಚೀಲ ಖಂಡಿತ ಕೂಡದು. ಎರಡು ಪಾಲು ಮರಳು, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಎರೆಮಣ್ಣು ಬೇಡ, ಬೇರನ್ನು ಬಿಗಿಹಿಡಿದು ಬಿಡಿಸುವಾಗ ಕಡಿಯುತ್ತದೆ. ತಳದಲ್ಲಿ ನೀರು ಬಸಿಯಲು ತೂತು ಮಾಡಿ, ಚೀಲಕ್ಕೆ ಒಂದು ಸಸಿಯಂತೆ ನೆಟ್ಟು, ದಿನಕ್ಕೆ ಆರು ತಾಸು ಬಿಸಿಲು ಬೀಳುವಲ್ಲಿ ಇಡಬೇಕು. ಮಳೆಯಿಲ್ಲದಾಗ ದಿನ ಬಿಟ್ಟು ದಿನ ನೀರು, ಮೂರು ತಿಂಗಳಿಗೊಮ್ಮೆ ಒಂದು ಬೊಗಸೆ ಗೊಬ್ಬರ. ಇದಕ್ಕಿಂತ ಹೆಚ್ಚಿನ ಆರೈಕೆಯನ್ನು ಅದು ಕೇಳುವುದಿಲ್ಲ. ಹೆಚ್ಚಿಗೆ ಬೆಳೆಯಬಯಸುವ ರೈತರು ಮರಳುಮಿಶ್ರಿತ ಸಮತಟ್ಟಾದ ಭೂಮಿಯನ್ನು ಆರಿಸಿಕೊಳ್ಳಬೇಕು. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯು ಧಾರಿಣಿ, ಗುಲಾಬಿ, ಕೇಸರಿ ಮುಂತಾದ ತಳಿಗಳನ್ನು ನೀಡಿದೆ; ಅದರ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿಯೂ ಇದೆ.

ಬೇರು ಬಲಿಯಲು 15ರಿಂದ 18 ತಿಂಗಳು ಬೇಕು. ಈ ಮುಂಗಾರಿನಲ್ಲಿ ನೆಟ್ಟುದನ್ನು ಮುಂದಿನ ವರ್ಷದ ಸಂಕ್ರಾಂತಿಯ ಮೊದಲಲ್ಲ, ಅದರಾಚೆಯ ಸಂಕ್ರಾಂತಿಯ ಹೊತ್ತಿಗೆ ತೆಗೆಯಬೇಕು. ಅವಸರಪಟ್ಟು ಎಳೆಯದನ್ನು ತೆಗೆದರೆ ಪರಿಮಳ ಕಡಿಮೆ. ಹೀಗಾಗಿ ಪ್ರತಿ ಮಳೆಗಾಲದಲ್ಲಿ ಐದು ಚೀಲ ನೆಡುತ್ತ ಬಂದರೆ ಪ್ರತಿ ಬೇಸಿಗೆಗೂ ಬೇರು ಒದಗುತ್ತದೆ. ತೆಗೆಯುವ ನಾಲ್ಕು ದಿನ ಮೊದಲು ನೀರು ನಿಲ್ಲಿಸಿ, ಗರಿ ಕೊಯ್ದು, ಚೀಲವನ್ನು ಸೀಳಿ, ಮಣ್ಣನ್ನು ಉದುರಿಸಿ ಬೇರನ್ನು ತೊಳೆಯಬೇಕು. ತೆಂಡೆಗಳನ್ನು ಬೇರ್ಪಡಿಸಿ ಹಸಿ ಮರಳಿನಲ್ಲಿ ನಿಲ್ಲಿಸಿಟ್ಟರೆ ಮುಂದಿನ ಬೆಳೆಗೆ ಅವೇ ಸಸಿ. ಬೇರನ್ನು ಬಿರುಬಿಸಿಲಿಗೆ ಹರಡದೆ ನೆರಳಿನಲ್ಲಿ ಗಾಳಿಯಾಡುವಂತೆ ಹತ್ತು ಹನ್ನೆರಡು ದಿನ ಒಣಗಿಸಬೇಕು. ಪರಿಮಳವೆಂದರೆ ಆರಿಹೋಗುವ ತೈಲ. ಬಿಸಿಲು ಅದನ್ನು ಹೀರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ವರ್ಷದೊಳಗೆ ಬಳಸಬೇಕು.

ಕೊಂಡು ತರುವವರು ಒಂದು ಎಳೆಯನ್ನು ನೀರಿನಲ್ಲಿ ಅದ್ದಿ ಮೂಸಿ ನೋಡಲಿ. ಒಳ್ಳೆಯ ಬೇರು ತೊಯ್ದಾಗ ಮೊದಲ ಮಳೆಯ ಮಣ್ಣಿನಂಥ ಕಂಪನ್ನು ಸೂಸುತ್ತದೆ. ಭಟ್ಟಿಯಿಳಿಸಿ ಎಣ್ಣೆ ತೆಗೆದ ಬೇರು ಬರಿಯ ನಾರು, ಚಾಪೆಗಾದೀತು, ಔಷಧಕ್ಕಾಗದು.

ಮುಟ್ಟಬಾರದ ಮತ್ತೊಂದು ಬೇರು

ಚರಂಡಿಯ ದಂಡೆ, ಕಾರ್ಖಾನೆಯ ನೀರು ಹರಿಯುವ ಹಳ್ಳ, ಕಸ ಸುರಿಯುವ ನೆಲ, ಗಣಿಯ ಮಣ್ಣು, ಇಂತಹ ಕಡೆಗಳಲ್ಲಿಯೂ ಇಂದು ಲಾವಂಚವನ್ನು ನೆಡುತ್ತಾರೆ. ಕಲುಷಿತ ಮಣ್ಣು ಮತ್ತು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಹೀರಿ ಬೇರಿನಲ್ಲಿ ಹಿಡಿದಿಡುವ ಶಕ್ತಿ ಈ ಹುಲ್ಲಿಗಿದೆ. ಅದು ಮಾಡುವ ಉಪಕಾರ ದೊಡ್ಡದು. ಆದರೆ ಅಂತಹ ಬೇರು ಎಷ್ಟೇ ಕಂಪಾಗಿದ್ದರೂ ಕುಡಿಯುವ ನೀರಿಗೆ ಹಾಕತಕ್ಕದ್ದಲ್ಲ. ಊರವರು ಪುಕ್ಕಟೆ ಸಿಕ್ಕಿತೆಂದು ಕಿತ್ತು ತಂದುಕೊಟ್ಟರೆ, ಎಲ್ಲಿಯದೆಂದು ಕೇಳದೆ ಸ್ವೀಕರಿಸಬೇಡಿ.

ಬಳಸುವ ವಿಧಾನ

ಹರವಿಯ ನೀರು: ಕುದಿಸಿ ಆರಿಸಿದ ನೀರನ್ನು ಹರವಿಗೆ ತುಂಬಿ, ತೊಳೆದ ಬೇರನ್ನು ಶುಭ್ರವಾದ ಬಿಳಿ ಅರಿವೆಯಲ್ಲಿ ಕಟ್ಟಿ ಇಳಿಬಿಡಬೇಕು. ಬೇರನ್ನು ನೀರಿನೊಡನೆ ಕುದಿಸಿದರೆ ಕಂಪು ಆವಿಯಾಗಿ ಹೋಗುತ್ತದೆ. ಮೂರು ದಿನಕ್ಕೊಮ್ಮೆ ಗಂಟನ್ನು ತೆಗೆದು ಒಣಗಿಸಿ, ಹರವಿಯನ್ನು ತಿಕ್ಕಿ ತೊಳೆಯಬೇಕು. ಲೋಳೆ ಅಥವಾ ಬೂಸಲು ಕಂಡ ಗಂಟನ್ನು ಎಸೆಯಬೇಕು.

ಶೀತಕಷಾಯ: ಒಂದು ಪಾಲು ಜಜ್ಜಿದ ಬೇರನ್ನು ಆರು ಪಾಲು ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಸೋಸಿದರೆ ಶೀತಕಷಾಯ. ಅಂಗಾಲಿನ ಉರಿ, ಉರಿಮೂತ್ರಗಳಲ್ಲಿ ವೈದ್ಯರ ಸಲಹೆಯಂತೆ ಸೇವಿಸಬಹುದು. ಚೂರ್ಣದ ಪ್ರಮಾಣ ವಯಸ್ಕರಿಗೆ ದಿನಕ್ಕೆ 3ರಿಂದ 6 ಗ್ರಾಂ.

ಲೇಪ: ನುಣ್ಣಗಿನ ಚೂರ್ಣವನ್ನು ತಣ್ಣೀರಿನಲ್ಲಿ ಕಲಸಿ ಬೆವರುಸಾಲೆಗೆ ಹಚ್ಚಿ, ಪೂರ್ತಿ ಒಣಗುವ ಮೊದಲೇ ತೊಳೆದರೆ ತುರಿಕೆ ತಗ್ಗುತ್ತದೆ.

ಮಳೆ ಚಳಿಗಾಲಗಳಲ್ಲಿ, ನೆಗಡಿ ಕೆಮ್ಮು ಇರುವಾಗ ಇದರ ಬಳಕೆ ಬೇಡ. ಗರ್ಭಿಣಿಯರೂ, ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿಂದ ನೀರಿನ ಪ್ರಮಾಣಕ್ಕೆ ಮಿತಿಯಿರುವವರೂ ವೈದ್ಯರನ್ನು ಕೇಳಿಯೇ ಸೇವಿಸಬೇಕು. ಬಾಟಲಿಯ ಹಸಿರು ಬಣ್ಣದ ಶರಬತ್ತಿನಲ್ಲಿ ಸಕ್ಕರೆಯೇ ಮುಖ್ಯ. ಮಧುಮೇಹಿಗಳು ಅದರಿಂದ ದೂರವಿರಲಿ. ಉರಿಮೂತ್ರದೊಡನೆ ಜ್ವರ ಬಂದರೆ, ಮೂಗಿನ ರಕ್ತ ನಿಲ್ಲದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಮತ್ತೊಂದು ಮಾತನ್ನು ಒತ್ತಿ ಹೇಳುತ್ತೇವೆ. ಬಿಸಿಲಿನಲ್ಲಿ ದುಡಿಯುವವರಿಗೆ ಮೈ ಬೆಂಕಿಯಂತೆ ಕಾದು, ಮಾತು ತೊದಲಿ, ಮಂಕು ಕವಿದರೆ ಅದು ಬಿಸಿಲಿನ ಆಘಾತ, ಪ್ರಾಣಕ್ಕೇ ಅಪಾಯ. ಲಾವಂಚದ ನೀರು ಅದಕ್ಕೆ ಚಿಕಿತ್ಸೆಯಲ್ಲ. ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಕೊನೆಯ ನಿವೇದನೆ

ಬೇಸಿಗೆಯಲ್ಲಿ ಮಠದ ಬಾಗಿಲಿಗೆ ಬಂದ ದಾರಿಹೋಕರಿಗೆ ನೀರು ಕೊಡುವುದೂ ದಾಸೋಹವೇ. ಆ ಹರವಿಗೆ ಲಾವಂಚದ ಗಂಟು ಕಟ್ಟುವ ಭಕ್ತರು, ಅದಕ್ಕೆ ಬೇಕಾದ ಬೇರನ್ನು ತಮ್ಮ ಅಂಗಳದ ಚೀಲಗಳಲ್ಲಿಯೇ ಬೆಳೆದು ತಂದರೆ ಎಷ್ಟು ಚೆನ್ನ! ಈ ಮುಂಗಾರಿನಲ್ಲಿ ಐದು ಚೀಲ ನೆಡಿರಿ. ಇಳಿಜಾರು ಹೊಲವುಳ್ಳವರು ಒಡ್ಡಿನ ಮೇಲೆ ಒಂದು ಸಾಲು ನೆಡಿರಿ. ಮೊದಲನೆಯದನ್ನು ಕಾಲ ಬಂದಾಗ ಅಗೆಯಿರಿ. ಎರಡನೆಯದನ್ನು ಮಕ್ಕಳಿಗೆ ಹಾಗೆಯೇ ಒಪ್ಪಿಸಿರಿ. ನಮ್ಮ ಒಡ್ಡಿನ ಮೇಲೆ ಮತ್ತೆ ನೆಟ್ಟ ಲಾವಂಚ ಈಗ ಕಿಂಡಿಯಿಲ್ಲದೆ ಕೂಡಿಕೊಂಡಿದೆ. ಅಂದು ನಮ್ಮನ್ನು ತಿದ್ದಿದ ಹಿರಿಯರು ಈಗಿಲ್ಲ. ಅವರ ಮಕ್ಕಳು ಕೆಳಗಿನ ಹೊಲದಲ್ಲಿ ಪ್ರತಿ ಮುಂಗಾರಿಗೂ ಹೆಸರು ಬಿತ್ತುತ್ತಿದ್ದಾರೆ.